ಬೇವಿನ ಚಿಗುರೇ ಒಣಗುತ್ತಿದೆ: ಮರದ ಕಹಿ ಯಾವ ಹುಳಕ್ಕೆ ತಡೆ, ಯಾವುದಕ್ಕೆ ಅಲ್ಲ?

ಗುಬ್ಬಿ ತೋಟ (ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲದ ಬದುವಿನಲ್ಲಿ ತಾತ ನೆಟ್ಟ ಬೇವಿನ ಮರಗಳಿವೆ. ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಕೊಂಬೆಗಳ ತುದಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿವೆ. ಯಾರೋ ಬುಡಕ್ಕೆ ವಿಷ ಸುರಿದಿರಬೇಕು ಎಂದು ಊರಿನವರು ಅನುಮಾನಪಡುತ್ತಿದ್ದಾರೆ. ಒಂದು ಕೊಂಬೆ ಬಗ್ಗಿಸಿ ನೋಡಿದೆ. ಎಳೆಯ ದಂಟಿನ ಮೇಲೆ ಉದ್ದನೆಯ ಕಪ್ಪು ಕಲೆಗಳು, ಕಲೆಯ ಪಕ್ಕದಲ್ಲಿ ಅಂಟಿನ ಸಣ್ಣ ಹನಿಗಳು. ಕಲೆಯಿಂದ ಮೇಲಿರುವ ಚಿಗುರು ಬಾಡಿ ನೇತಾಡುತ್ತಿದೆ. ಆದರೆ ಎಲೆಯನ್ನು ಯಾವ ಹುಳವೂ ಕಡಿದ ಗುರುತಿಲ್ಲ.

ನನಗೆ ಬಗೆಹರಿಯದಿರುವುದು ಇದು. ಕಾಳಿನ ಡಬ್ಬಕ್ಕೆ ಬೇವಿನ ಸೊಪ್ಪು ಹಾಕುತ್ತೇವೆ, ಗಿಡದ ಬುಡಕ್ಕೆ ಬೇವಿನ ಹಿಂಡಿ ಕೊಡುತ್ತೇವೆ, ಬೆಳೆಗೆ ಬೇವಿನ ಕಷಾಯ ಸಿಂಪಡಿಸುತ್ತೇವೆ. ಊರಿನ ಹುಳವನ್ನೆಲ್ಲ ಓಡಿಸುವ ಕಹಿ ಆ ಮರಕ್ಕೇ ಏಕೆ ಒದಗಲಿಲ್ಲ?

ಜೊತೆಗೆ ಇನ್ನೊಂದು ಪ್ರಶ್ನೆ. ಸ್ವಲ್ಪ ಜಾಗಕ್ಕೆ ಮಹಾಗನಿ ಹಾಕಬೇಕೆಂದಿದ್ದೇನೆ. ಸಸಿ ಮಾರುವವರು ‘ಇದು ಬೇವಿನ ಕುಟುಂಬದ್ದು, ಹುಳ ಹತ್ತಿರವೂ ಸುಳಿಯುವುದಿಲ್ಲ’ ಎನ್ನುತ್ತಾರೆ. ಬಲ್ಲವರು ತಿಳಿಸಬೇಕು.

ಸಸ್ಯಶಾಸ್ತ್ರದ ಮೇಷ್ಟ್ರು (ತುಮಕೂರು)

ನೀವು ಬರೆದಿರುವ ಲಕ್ಷಣ ನೋಡಿದರೆ ಟೀ ಸೊಳ್ಳೆಯ ಕೆಲಸ ಅನ್ನಿಸುತ್ತದೆ. ಹೆಲೋಪೆಲ್ಟಿಸ್ ಎಂಬ ಕುಲದ ಕೀಟ, ತಿಗಣೆಯ ಬಳಗದ್ದು. ಗೇರು, ಸೀಬೆ, ಕೋಕೋ ಬೆಳೆಯುವವರಿಗೆಲ್ಲ ಇದರ ಪರಿಚಯವಿದೆ. ಬೆಳಗ್ಗೆ ಬಿಸಿಲೇರುವ ಮುನ್ನ ಅಥವಾ ಸಂಜೆ ಚಿಗುರನ್ನು ಮೆಲ್ಲಗೆ ಹಿಡಿದು ನೋಡಿ. ನೀಳ ಕಾಲು, ಮೈಗಿಂತ ಉದ್ದದ ಮೀಸೆ, ಬೆನ್ನಿನ ಮೇಲೆ ನೆಟ್ಟಗೆ ನಿಂತ ಒಂದು ಮುಳ್ಳು, ಆ ಮುಳ್ಳಿನ ತುದಿ ಗುಂಡಗೆ. ಆ ಮುಳ್ಳು ಕಂಡರೆ ಬೇರೆ ಸಾಕ್ಷಿ ಬೇಡ.

ಈಗ ಕಹಿಯ ವಿಷಯ. ಬೇವಿನಲ್ಲಿರುವುದು ಒಂದೇ ಕಹಿಯಲ್ಲ. ಲಿಮೋನಾಯ್ಡ್ ಎಂಬ ಗುಂಪಿಗೆ ಸೇರಿದ ಹತ್ತಾರು ಸಂಯುಕ್ತಗಳಿವೆ. ಸಲೀಮುಜ್ಜಮಾನ್ ಸಿದ್ದಿಕಿ ಎಂಬ ರಸಾಯನಶಾಸ್ತ್ರಜ್ಞರು 1942ರಲ್ಲಿ ನಿಂಬಿನ್ ಮೊದಲಾದವನ್ನು ಬೇರ್ಪಡಿಸಿದರು. ಕೀಟಗಳ ಮಟ್ಟಿಗೆ ಎಲ್ಲಕ್ಕಿಂತ ಬಿರುಸಾದದ್ದು ಅಜಾಡಿರಾಕ್ಟಿನ್. ಅದನ್ನು 1968ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಪ್ರತ್ಯೇಕಿಸಿದರು. ಎಷ್ಟು ಜಟಿಲವಾದ ಅಣು ಎಂದರೆ, ಪ್ರಯೋಗಾಲಯದಲ್ಲಿ ಅದನ್ನು ಮೊದಲಿನಿಂದ ಕಟ್ಟಲು ಕೇಂಬ್ರಿಡ್ಜಿನ ಸ್ಟೀವನ್ ಲೇ ಅವರ ತಂಡಕ್ಕೆ 22 ವರ್ಷ ಹಿಡಿಯಿತು, ಮುಗಿದದ್ದು 2007ರಲ್ಲಿ. ನಮ್ಮ ಬದುವಿನ ಮರ ಅದನ್ನು ಪ್ರತಿ ವರ್ಷ ಬೀಜದೊಳಗೆ ತುಂಬಿಡುತ್ತದೆ.

‘ಬೀಜದೊಳಗೆ’ ಎನ್ನುವಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಅಜಾಡಿರಾಕ್ಟಿನ್ ಬಹುಪಾಲು ಇರುವುದು ಬೀಜದ ತಿರುಳಿನಲ್ಲಿ. ಎಲೆಯಲ್ಲಿ ಅದು ಬಹಳ ಕಡಿಮೆ. ನಿಂಬೋಲೈಡ್, ಸಲಾನಿನ್‌ನಂಥ ಬೇರೆ ಕಹಿಗಳು ಎಲೆಯನ್ನು ಕಾಯುತ್ತವೆ. ಮರ ತನ್ನ ಮುಂದಿನ ಪೀಳಿಗೆಗೆ ಕೊಟ್ಟಷ್ಟು ಕಾವಲನ್ನು ಚಿಗುರಿಗೆ ಕೊಟ್ಟಿಲ್ಲ. ಇನ್ನರ್ಧ ಉತ್ತರ ಕೀಟದ ಬಾಯಲ್ಲಿದೆ. ಎಲೆ ಕಡಿದು ಅಗಿಯುವ ಹುಳು ಎಲೆಯಲ್ಲಿರುವುದನ್ನೆಲ್ಲ ನುಂಗಲೇಬೇಕು, ಕಹಿಯನ್ನೂ ಸೇರಿಸಿ. ಸೂಜಿಬಾಯಿಯ ಕೀಟ ಹಾಗಲ್ಲ, ಬೇಕಾದ ಕಡೆ ಚುಚ್ಚಿ ಬೇಕಾದಷ್ಟನ್ನು ಹೀರುತ್ತದೆ. ಟೀ ಸೊಳ್ಳೆ ಚುಚ್ಚುವಾಗ ಜೊಲ್ಲನ್ನೂ ಒಳಗೆ ಬಿಡುತ್ತದೆ. ಆ ಜೊಲ್ಲಿನಿಂದ ಸುತ್ತಲಿನ ಕೋಶಗಳು ಸಾಯುತ್ತವೆ. ನೀವು ಕಂಡ ಕಪ್ಪು ಕಲೆ ಅದೇ.

ಫೊಮಾಪ್ಸಿಸ್ ಎಂಬ ಶಿಲೀಂಧ್ರವೂ ಬೇವಿನ ತುದಿಗಳನ್ನು ಹೀಗೆಯೇ ಒಣಗಿಸುತ್ತದೆ, ಅದೂ ಮಳೆಗಾಲದಲ್ಲೇ. ಎರಡೂ ಒಟ್ಟಿಗೆ ಬಂದಿರಬಹುದು. ಬುಡಕ್ಕೆ ವಿಷ ಹಾಕಿದ್ದರೆ ತುದಿ ಮಾತ್ರ ಒಣಗಿ ಉಳಿದ ಎಲೆ ಹಸಿರಾಗಿರುವುದು ಕಷ್ಟ. ಊರಿನವರಿಗೆ ಅದನ್ನು ಮೊದಲು ಹೇಳಿ.

ಶ್ರೀನಿವಾಸಪುರ ಮಾವು (ಕೋಲಾರ ಜಿಲ್ಲೆ)

ಮೇಷ್ಟ್ರೇ, ಬಾಯಿಯ ವಿಷಯ ನೀವು ಹೇಳಿದ್ದು ನಮ್ಮ ಮಾವಿನ ತೋಟಕ್ಕೂ ಸರಿಹೊಂದುತ್ತದೆ. ಮಾವಿನ ಎಲೆಯಲ್ಲಿ ಒಗರಿದೆ, ದಂಟು ಮುರಿದರೆ ಸೊನೆ ಚಿಮ್ಮುತ್ತದೆ, ಬಲಿತ ಎಲೆಯನ್ನು ದನವೂ ಇಷ್ಟಪಟ್ಟು ತಿನ್ನುವುದಿಲ್ಲ. ಆದರೂ ಜಿಗಿಹುಳು ಬಿಡುವುದಿಲ್ಲ.

ನಮ್ಮಲ್ಲಿ ಇನ್ನೊಂದು ಕಾಟವಿದೆ. ಹೊಸ ಚಿಗುರು ಬಂದಾಗ ಬೆಳಗ್ಗೆ ಮರದ ಕೆಳಗೆ ಎಳೆಯ ಎಲೆಗಳು ರಾಶಿ ಬಿದ್ದಿರುತ್ತವೆ. ತೊಟ್ಟಿನ ಹತ್ತಿರ ಕತ್ತರಿಯಿಂದ ಕತ್ತರಿಸಿದಷ್ಟು ನೇರವಾದ ಅಂಚು. ಮರದ ಮೇಲೆ ಬರೀ ತೊಟ್ಟು, ತುಂಡು ಎಲೆ ನಿಂತಿರುತ್ತದೆ. ಬಲಿತ ಎಲೆಯ ತಂಟೆಗೆ ಅದು ಹೋಗುವುದೇ ಇಲ್ಲ. ಬಾದಾಮಿ ತಳಿಯ ಮಾವಿನ ಮರಗಳಲ್ಲಿ, ಅದರಲ್ಲೂ ಯೂರಿಯಾ ಜಾಸ್ತಿ ಬಿದ್ದ ಸಾಲಿನಲ್ಲಿ ಈ ಕಾಟ ಹೆಚ್ಚು ಕಾಣುತ್ತೇನೆ. ಗೊಬ್ಬರ ಕೊಟ್ಟರೆ ಮರಕ್ಕೆ ಶಕ್ತಿ ಬರಬೇಕಲ್ಲವೇ? ಶಕ್ತಿ ಇರುವ ಮರಕ್ಕೆ ಹುಳ ಏಕೆ ಹೆಚ್ಚು?

ಸಸ್ಯಶಾಸ್ತ್ರದ ಮೇಷ್ಟ್ರು (ತುಮಕೂರು)

ನೀವು ಹೇಳುತ್ತಿರುವುದು ಎಲೆ ಕತ್ತರಿಸುವ ಮೂತಿಹುಳು, ಡೆಪೊರಾಸ್. ಹೆಣ್ಣು ಎಳೆ ಎಲೆಯ ನಡುನರದ ಎರಡೂ ಪಕ್ಕದಲ್ಲಿ ಮೊಟ್ಟೆ ಇಟ್ಟು, ಆಮೇಲೆ ಎಲೆಯನ್ನು ತೊಟ್ಟಿನ ಬಳಿ ಕತ್ತರಿಸಿ ಬೀಳಿಸುತ್ತದೆ. ಮರಿ ಬಿದ್ದ ಎಲೆಯೊಳಗೇ ಬೆಳೆದು ಮಣ್ಣಿಗಿಳಿದು ಕೋಶವಾಗುತ್ತದೆ. ಮರದಿಂದ ಬೇರೆಯಾದ ಎಲೆಗೆ ಸೊನೆಯಾಗಲಿ ಹೊಸ ಒಗರಾಗಲಿ ಬರುವ ದಾರಿ ಇಲ್ಲ ಎಂಬುದನ್ನು ಗಮನಿಸಿ. ನಿಮಗೆ ಅನುಕೂಲವೂ ಅಲ್ಲೇ ಇದೆ: ಬಿದ್ದ ಎಲೆಗಳನ್ನು ಆಯಾ ದಿನವೇ ಗುಡಿಸಿ ಸುಟ್ಟರೆ ಅಥವಾ ಆಳವಾಗಿ ಹೂತರೆ ಮುಂದಿನ ತಲೆಮಾರು ಅಲ್ಲಿಗೇ ನಿಂತುಹೋಗುತ್ತದೆ. ಔಷಧಿ ಸಿಂಪಡಿಸುವುದಕ್ಕಿಂತ ಈ ಕೆಲಸ ಮೇಲು.

ಯೂರಿಯಾದ ಪ್ರಶ್ನೆ ಬಹಳ ಒಳ್ಳೆಯದು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಾವಿನ ಒಗರು, ಅಂದರೆ ಟ್ಯಾನಿನ್ ಮತ್ತು ಮ್ಯಾಂಜಿಫೆರಿನ್‌ನಂಥ ಫೀನಾಲಿಕ್ ಸಂಯುಕ್ತಗಳು, ಇಂಗಾಲದಿಂದ ಕಟ್ಟಿದವು. ಎಲೆ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯೇ ಅವುಗಳ ಕಚ್ಚಾವಸ್ತು. ಸಾರಜನಕ ಧಾರಾಳವಾಗಿ ಸಿಕ್ಕಾಗ ಮರ ಆ ಸಕ್ಕರೆಯನ್ನು ಹೊಸ ಚಿಗುರು ತಳ್ಳಲು ಬಳಸುತ್ತದೆ. ಬೆಳವಣಿಗೆಗೆ ಹೋದದ್ದು ರಕ್ಷಣೆಗೆ ಉಳಿಯುವುದಿಲ್ಲ. ಜೊತೆಗೆ ಎಲೆಯಲ್ಲಿ ಸಾರಜನಕ, ಅಂದರೆ ಕೀಟಕ್ಕೆ ಬೇಕಾದ ಪೌಷ್ಟಿಕಾಂಶ ಹೆಚ್ಚುತ್ತದೆ. ಒಗರು ಕಡಿಮೆ, ಊಟ ಸಮೃದ್ಧ. ಕೀಟ ಬರದೆ ಇನ್ನೇನು ಮಾಡುತ್ತದೆ? ಬ್ರಯಾಂಟ್, ಚಾಪಿನ್, ಕ್ಲೈನ್ ಎಂಬ ಮೂವರು 1983ರಲ್ಲಿ ಈ ಇಂಗಾಲ–ಸಾರಜನಕದ ಲೆಕ್ಕವನ್ನು ಮುಂದಿಟ್ಟರು. ಎಲ್ಲ ಮರಕ್ಕೂ ಈ ಲೆಕ್ಕ ಹೊಂದುವುದಿಲ್ಲ ಎಂದು ಆಮೇಲೆ ಸಾಕಷ್ಟು ವಾದ ನಡೆದಿದೆ. ಆದರೆ ಹೆಚ್ಚು ಯೂರಿಯಾ ಕೊಟ್ಟ ಬೆಳೆಗೆ ರಸ ಹೀರುವ ಕೀಟ ಮುಗಿಬೀಳುವುದನ್ನು ಭತ್ತದಿಂದ ಮಾವಿನವರೆಗೆ ರೈತರೇ ಕಂಡಿದ್ದಾರೆ.

ಇನ್ನು ‘ಬಲಿತ ಎಲೆಯ ತಂಟೆಗೆ ಹೋಗುವುದಿಲ್ಲ’ ಎಂದಿರಿ. ಪೀಟರ್ ಫೀನಿ ಎಂಬುವರು ಇಂಗ್ಲೆಂಡಿನ ಓಕ್ ಮರಗಳಲ್ಲಿ ಇದನ್ನೇ ಕಂಡು 1970ರಲ್ಲಿ ಪ್ರಕಟಿಸಿದರು. ವಸಂತದ ಎಳೆ ಎಲೆಯಲ್ಲಿ ಟ್ಯಾನಿನ್ ಕಡಿಮೆ, ವಾರಗಳು ಕಳೆದಂತೆ ಅದು ಏರುತ್ತದೆ, ಎಲೆ ಗಡುಸಾಗುತ್ತದೆ. ಕಂಬಳಿಹುಳು ಆ ಚಿಕ್ಕ ಅವಧಿಯೊಳಗೆ ಮೊಟ್ಟೆಯೊಡೆದು ತಿಂದು ಮುಗಿಸಬೇಕು. ಚಿಗುರು ಮೂಡುವುದಕ್ಕಿಂತ ಮೊದಲೇ ಹುಟ್ಟಿದರೆ ಉಪವಾಸ, ತಡವಾದರೆ ಎಲೆ ಒಗರು. ನಿಮ್ಮ ಮರಗಳ ಚಿಗುರು ತಾಮ್ರವರ್ಣದಿಂದ ಗಾಢ ಹಸಿರಿಗೆ ತಿರುಗುವ ವಾರಗಳೇ ಕಾವಲಿನ ವಾರಗಳು.

ತಿಪಟೂರು ತೆಂಗು (ತುಮಕೂರು ಜಿಲ್ಲೆ)

ಮೇಷ್ಟ್ರೇ, ಗೌರವದಿಂದಲೇ ಒಂದು ತಕರಾರು. ಎಳೆ ಎಲೆಗೆ ಹುಳ, ಬಲಿತದ್ದಕ್ಕೆ ರಕ್ಷಣೆ ಎಂಬುದು ತೆಂಗಿನಲ್ಲಿ ತಲೆಕೆಳಗಾಗಿದೆ. ಕಪ್ಪುತಲೆ ಹುಳು ಬಂದಾಗ ಮೊದಲು ಹೋಗುವುದು ಕೆಳಗಿನ ಬಲಿತ ಗರಿಗಳು. ಗರಿಯ ಅಡಿಭಾಗದಲ್ಲಿ ತನ್ನ ಹಿಕ್ಕೆ ಮತ್ತು ನೂಲು ಸೇರಿಸಿ ಕೊಳವೆಯಂಥ ಗೂಡು ಕಟ್ಟಿಕೊಂಡು, ಒಳಗೆ ಕುಳಿತು ಹಸಿರನ್ನು ಕೆರೆದು ತಿನ್ನುತ್ತದೆ. ಸುಳಿ ಮಾತ್ರ ಹಸಿರಾಗಿ ನಿಂತು ಕೆಳಗಿನ ಗರಿಯೆಲ್ಲ ಒಣಗಿದ ತೋಟಗಳನ್ನು ಈ ಭಾಗದಲ್ಲಿ ನೋಡದವರಿಲ್ಲ. ಇದಕ್ಕೆ ನಿಮ್ಮ ಒಗರಿನ ಲೆಕ್ಕ ಏನು ಹೇಳುತ್ತದೆ?

ಚಿಂತಾಮಣಿ ವಿದ್ಯಾರ್ಥಿನಿ (ಚಿಕ್ಕಬಳ್ಳಾಪುರ ಜಿಲ್ಲೆ)

ಮೇಷ್ಟ್ರು ಬರೆಯುವ ಮುನ್ನ ನಾನು ಒಂದು ಮಾತು ಸೇರಿಸಬಹುದೇ? ತಿಪಟೂರಿನ ಅಣ್ಣ ಹೇಳಿದ್ದು ಸತ್ಯ. ಕಪ್ಪುತಲೆ ಹುಳು ಬಲಿತ ಗರಿಗೇ ಒಗ್ಗಿಕೊಂಡಿರುವ ಕೀಟ. ತಾಳೆಯ ಕುಟುಂಬದ ಗರಿಗಳಲ್ಲಿ ನಾರು ಮತ್ತು ಸಿಲಿಕಾ ಸೇರಿ ಎಲೆ ಗಡುಸಾಗುತ್ತದೆ. ಅದನ್ನು ಇಡೀ ಕಡಿದು ನುಂಗುವುದು ಕಷ್ಟ. ಈ ಹುಳು ಗಡುಸಾದ ಮೇಲ್ಪದರವನ್ನು ಬಿಟ್ಟು ಅಡಿಯ ಮೆದುಭಾಗವನ್ನಷ್ಟೇ ಕೆರೆಯುತ್ತದೆ. ಸಾಮಾನ್ಯ ಕೀಟಕ್ಕೆ ಅಡ್ಡಿಯಾದದ್ದನ್ನು ದಾಟಲು ಕಲಿತ ಕೀಟಕ್ಕೆ ಆ ಮರ ಪೂರಾ ತನ್ನದೇ ಆಗಿಬಿಡುತ್ತದೆ, ಪೈಪೋಟಿಗೆ ಬೇರೆ ಯಾರೂ ಇರುವುದಿಲ್ಲ.

ಇದಕ್ಕೆ ದೂರ ಹೋಗಬೇಕಿಲ್ಲ, ರಸ್ತೆ ಬದಿಯ ಎಕ್ಕದ ಗಿಡ ನೋಡಿ. ಅದರ ಹಾಲಿನಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ಕಾರ್ಡಿನೋಲೈಡ್ ವಿಷವಿದೆ. ಮೇಕೆ ಸಾಮಾನ್ಯವಾಗಿ ಮೂಸಿ ಮುಂದೆ ಹೋಗುತ್ತದೆ. ಆದರೆ ಹಳದಿ–ನೀಲಿ ಪಟ್ಟೆಯ ಎಕ್ಕದ ಮಿಡತೆ ಅದರ ಮೇಲೇ ಬದುಕುತ್ತದೆ. ಆ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು, ಹಿಡಿಯಲು ಹೋದವರ ಮೇಲೆ ಚಿಮ್ಮಿಸುತ್ತದೆ ಕೂಡ. ಬಣ್ಣ ಅಷ್ಟು ಕಣ್ಣಿಗೆ ಹೊಡೆಯುವಂತಿರುವುದು ಹಕ್ಕಿಗಳಿಗೆ ಕೊಡುವ ಎಚ್ಚರಿಕೆ. ಎರ್ಲಿಕ್ ಮತ್ತು ರಾವೆನ್ 1964ರಲ್ಲಿ ಚಿಟ್ಟೆಗಳನ್ನು ಆಧಾರವಾಗಿಟ್ಟು ಬರೆದದ್ದು ಇದನ್ನೇ: ಸಸ್ಯ ಹೊಸ ವಿಷ ಕಟ್ಟುತ್ತದೆ, ಯಾವುದೋ ಒಂದು ಕೀಟವಂಶ ಅದನ್ನು ದಾಟುತ್ತದೆ, ಹೀಗೆ ಎರಡೂ ಕಡೆ ಹೊಸ ಜಾತಿಗಳು ಕವಲೊಡೆಯುತ್ತಾ ಹೋಗುತ್ತವೆ.

ತೆಂಗಿಗೆ ಗೋನಿಯೋಜಸ್ ಎಂಬ ಪರೋಪಜೀವಿ ಕಣಜವನ್ನು ಬಿಡಿಸಿದ್ದೀರಾ ಅಣ್ಣ? ಕಪ್ಪುತಲೆ ಹುಳದ ಗೂಡಿನೊಳಕ್ಕೇ ನುಗ್ಗಿ ಹುಳವನ್ನು ನಿಶ್ಚೇಷ್ಟಗೊಳಿಸಿ ಅದರ ಮೈಮೇಲೆ ಮೊಟ್ಟೆಯಿಡುತ್ತದೆ.

ತಿಪಟೂರು ತೆಂಗು

ಬಿಡಿಸಿದ್ದೇನೆ ತಂಗಿ. ಅಕ್ಕಪಕ್ಕದ ತೋಟದವರೂ ಒಟ್ಟಿಗೆ ಬಿಟ್ಟರೆ ಕೆಲಸವಾಗುತ್ತದೆ, ಒಬ್ಬರೇ ಬಿಟ್ಟರೆ ಮತ್ತೆ ಬೇಲಿಯಾಚೆಯಿಂದ ಹುಳ ಬರುತ್ತದೆ. ವಿವರಕ್ಕೆ ಧನ್ಯವಾದ.

ಶಿಡ್ಲಘಟ್ಟ ರೇಷ್ಮೆ (ಚಿಕ್ಕಬಳ್ಳಾಪುರ ಜಿಲ್ಲೆ)

ಎಲ್ಲರೂ ಎಲೆ ತಿನ್ನುವ ಹುಳವನ್ನು ಓಡಿಸುವ ಮಾತಾಡುತ್ತಿದ್ದೀರಿ. ನಮ್ಮ ಮನೆಯಲ್ಲಿ ಅದನ್ನೇ ಸಾಕುತ್ತೇವೆ! ಹಾಗಾಗಿ ನನಗೂ ಒಂದು ಪ್ರಶ್ನೆ ಇದೆ. ಹಿಪ್ಪುನೇರಳೆ ಸೊಪ್ಪನ್ನು ಕೊಯ್ಯುವಾಗ ತೊಟ್ಟಿನಿಂದ ಬಿಳಿ ಹಾಲು ಬರುತ್ತದೆ, ಕೈಗೆ ಅಂಟಿ ಕಪ್ಪಾಗುತ್ತದೆ. ಹಾಲು ಬರುವ ಗಿಡವೆಲ್ಲ ವಿಷ ಎನ್ನುತ್ತಿದ್ದರು ನಮ್ಮ ಅಜ್ಜಿ. ಹಾಗಿದ್ದರೆ ರೇಷ್ಮೆ ಹುಳು ಅದನ್ನು ಹಗಲೂ ರಾತ್ರಿ ತಿಂದು ಹೇಗೆ ಬದುಕುತ್ತದೆ?

ಚಿಂತಾಮಣಿ ವಿದ್ಯಾರ್ಥಿನಿ

ಅಕ್ಕ, ನಿಮ್ಮ ಅಜ್ಜಿಯವರ ಮಾತು ಹಿಪ್ಪುನೇರಳೆಯ ಮಟ್ಟಿಗೆ ಅಕ್ಷರಶಃ ಸರಿ. ಜಪಾನಿನ ಕೊನ್ನೊ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಪರೀಕ್ಷಿಸಿದರು. ಹರಳು ಗಿಡದ ಎಲೆ ತಿನ್ನುವ ಏರಿ ರೇಷ್ಮೆ ಹುಳುವಿಗೂ ಕೋಸಿನ ಎಲೆ ತಿನ್ನುವ ಒಂದು ಕಂಬಳಿಹುಳುವಿಗೂ ಹಿಪ್ಪುನೇರಳೆ ಎಲೆ ಕೊಟ್ಟಾಗ ಅವು ಬೆಳೆಯಲಿಲ್ಲ, ಸತ್ತವು. ಅದೇ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಲನ್ನು ತೊಳೆದು ಕೊಟ್ಟಾಗ ತಿಂದು ಬೆಳೆದವು. ಅಂದರೆ ವಿಷವಿದ್ದದ್ದು ಹಾಲಿನಲ್ಲಿ. ಸಕ್ಕರೆಯನ್ನು ಹೋಲುವ ಆಲ್ಕಲಾಯ್ಡ್‌ಗಳು ಅದರಲ್ಲಿವೆ. ಹಾಲಿನ ಒಣತೂಕದಲ್ಲಿ ಶೇಕಡ 8ರಿಂದ 18ರಷ್ಟು. ಕೀಟದ ಹೊಟ್ಟೆಯಲ್ಲಿ ಸಕ್ಕರೆ ಜೀರ್ಣಿಸುವ ಕಿಣ್ವಕ್ಕೆ ಇವು ಹೋಗಿ ಅಂಟಿಕೊಳ್ಳುತ್ತವೆ. ಹುಳ ತಿನ್ನುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ನಮ್ಮ ರೇಷ್ಮೆ ಹುಳುವಿನ ಕಿಣ್ವಕ್ಕೆ ಮಾತ್ರ ಅವು ಅಂಟುವುದಿಲ್ಲ. ಬೀಗ ಬದಲಾಯಿಸಿದ ಮನೆಗೆ ಹಳೆಯ ಕೀಲಿ ಹಾಕಿದ ಹಾಗೆ.

ಇನ್ನೂ ಸ್ವಾರಸ್ಯವೆಂದರೆ, ರೇಷ್ಮೆ ಹುಳು ಸೊಪ್ಪನ್ನು ಹುಡುಕಿಕೊಂಡು ಬರುವುದು ಎಲೆಯ ವಾಸನೆಯ ಸಿಸ್–ಜಾಸ್ಮೋನ್ ಎಂಬ ಸಂಯುಕ್ತದಿಂದ. ಅದನ್ನು ಗುರುತಿಸುವ ಗ್ರಾಹಕವನ್ನು, ಅಂದರೆ ಆ ವಾಸನೆ ಹಿಡಿಯುವ ಪ್ರೋಟೀನನ್ನು, 2009ರಲ್ಲಿ ಪತ್ತೆಹಚ್ಚಿದ್ದಾರೆ. ಬಾಯಿಯ ರುಚಿಗ್ರಾಹಕಗಳಲ್ಲಿ ಜಿಆರ್66 ಎಂಬ ಒಂದನ್ನು ಕೆಡಿಸಿದರೆ ಹುಳು ಬೇರೆ ಎಲೆ, ಹಣ್ಣುಗಳನ್ನೂ ತಿನ್ನತೊಡಗುತ್ತದೆ ಎಂದು 2019ರಲ್ಲಿ ತಿಳಿಯಿತು. ಎಂದರೆ ಉಳಿದ ಎಲೆಗಳನ್ನು ಅದು ಒಲ್ಲೆ ಎನ್ನುವುದು ರುಚಿಯ ಕಾರಣದಿಂದ.

ಹಿಪ್ಪುನೇರಳೆಗೂ ಹುಳ ತಪ್ಪಿಲ್ಲವಲ್ಲ ಅಕ್ಕ. ಎಲೆ ಮಡಿಚುವ ಹುಳು ಆ ಹಾಲನ್ನು ತಡೆದುಕೊಂಡು ಬೆಳೆಯುತ್ತದೆ. ಚಿಗುರು ಮುರುಟುವ ತುಕ್ರಾ ರೋಗ ತರುವ ಹಿಟ್ಟು ತಿಗಣೆ ತನ್ನ ಸೂಜಿಬಾಯಿಯನ್ನು ಕೋಶಗಳ ನಡುವೆ ತೂರಿಸಿ ರಸನಾಳಕ್ಕೆ ಕೈಹಾಕುತ್ತದೆ.

ಶ್ರೀನಿವಾಸಪುರ ಮಾವು

ಎಲ್ಲ ಓದಿದೆ. ಇಷ್ಟೆಲ್ಲ ಕೇಳಿದ ಮೇಲೂ ನನ್ನ ಅಭಿಪ್ರಾಯ, ರೈತರ ಕೈಯಲ್ಲಿರುವ ಅಗ್ಗದ ಉಪಾಯ ಬೇವಿನ ಬೀಜದ ಕಷಾಯವೇ. 5 ಕೆ.ಜಿ. ಬೀಜದ ತಿರುಳನ್ನು ಪುಡಿ ಮಾಡಿ ಬಟ್ಟೆಯಲ್ಲಿ ಕಟ್ಟಿ 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಬಟ್ಟೆಯನ್ನು ಹಿಂಡಿ ಹಿಂಡಿ ನೀರು ಹಾಲಿನ ಬಣ್ಣಕ್ಕೆ ಬಂದ ಮೇಲೆ ಸೋಸಿ, ಸ್ವಲ್ಪ ಸೋಪಿನ ನೀರು ಬೆರೆಸಿ 100 ಲೀಟರ್ ಮಾಡಿ. ಸೋಪು ಬಿಟ್ಟರೆ ಮಾವಿನ ನುಣುಪು ಎಲೆಯ ಮೇಲೆ ಕಷಾಯ ನಿಲ್ಲುವುದಿಲ್ಲ. ಮಾವು, ತರಕಾರಿ, ಹಿಪ್ಪುನೇರಳೆ, ಎಲ್ಲಕ್ಕೂ ಹೊಡೆಯಬಹುದು. ವಿಷವಲ್ಲ, ಯಾರಿಗೂ ತೊಂದರೆ ಇಲ್ಲ.

ಶಿಡ್ಲಘಟ್ಟ ರೇಷ್ಮೆ

ಅಣ್ಣ, ದಯವಿಟ್ಟು ಹಿಪ್ಪುನೇರಳೆಯ ಹೆಸರನ್ನು ಆ ಸಾಲಿನಿಂದ ತೆಗೆಯಿರಿ. ಓದಿದವರು ಯಾರಾದರೂ ನಂಬಿ ಹೊಡೆದರೆ ಅವರ ಬೆಳೆಯೇ ಹೋಗುತ್ತದೆ. ನಮ್ಮ ಪಕ್ಕದ ತರಕಾರಿ ತೋಟದಲ್ಲಿ ಬೇವಿನ ಎಣ್ಣೆ ಹೊಡೆದ ದಿನ ಗಾಳಿ ನಮ್ಮ ಕಡೆಗಿತ್ತು. ಅಂಚಿನ ಸಾಲುಗಳ ಸೊಪ್ಪನ್ನು ಗೊತ್ತಿಲ್ಲದೆ ಹಾಕಿದ ತಟ್ಟೆಗಳಲ್ಲಿ ಹುಳು ಮೊದಲು ಮೇವು ಬಿಟ್ಟವು. ಮೂರನೇ ಜ್ವರಕ್ಕೆ, ಅಂದರೆ ಮೂರನೇ ಸಲ ಪೊರೆ ಬಿಡಲು, ಕುಳಿತವು ಏಳಲಿಲ್ಲ. ತಲೆ ಎತ್ತಿಕೊಂಡು ಕುಳಿತ ಭಂಗಿಯಲ್ಲೇ ಇದ್ದವು. ಕೆಲವಕ್ಕೆ ಹಳೆಯ ಪೊರೆ ಅರ್ಧ ಕಳಚಿ ಬಾಲದ ಕಡೆ ಸಿಕ್ಕಿಕೊಂಡಿತ್ತು. ಬೇರೆ ತಟ್ಟೆಗಳ ಹುಳುಗಳು ಚೆನ್ನಾಗಿ ಎದ್ದು ಮೇವಿಗೆ ಬಾಯಿ ಹಾಕಿದವು. ವಿಷವಲ್ಲ, ತೊಂದರೆ ಇಲ್ಲ ಎಂಬ ಮಾತು ಮನುಷ್ಯರಿಗೆ ಹೊಂದಬಹುದು, ನಮ್ಮ ಹುಳುವಿಗೆ ಹೊಂದುವುದಿಲ್ಲ.

ಸಸ್ಯಶಾಸ್ತ್ರದ ಮೇಷ್ಟ್ರು (ತುಮಕೂರು)

ಅಮ್ಮ, ನೀವು ಕಂಡದ್ದು ಅಜಾಡಿರಾಕ್ಟಿನ್ ಕೆಲಸ ಮಾಡುವ ರೀತಿಯ ಅಚ್ಚುಕಟ್ಟಾದ ವರ್ಣನೆ. ಎಲ್ಲರೂ ಅದನ್ನು ಮತ್ತೊಮ್ಮೆ ಓದಬೇಕು.

ಈ ಸಂಯುಕ್ತ ಎರಡು ಹಂತದಲ್ಲಿ ಹೊಡೆಯುತ್ತದೆ. ಮೊದಲನೆಯದು ಬಾಯಲ್ಲಿ. ಹೈನ್‌ರಿಷ್ ಶ್ಮುಟೆರರ್ 1959ರಲ್ಲಿ ಸುಡಾನಿನಲ್ಲಿ ಮಿಡತೆಗಳ ದಂಡು ಬಂದಾಗ ಸುತ್ತಲಿನ ಹಸಿರೆಲ್ಲ ಹೋದರೂ ಬೇವಿನ ಮರ ಉಳಿದದ್ದನ್ನು ಕಂಡರು. ದೆಹಲಿಯಲ್ಲಿ ಪ್ರಧಾನ್ ಮತ್ತು ಸಂಗಡಿಗರು 1962ರಲ್ಲಿ ಬೇವಿನ ಬೀಜದ ನೀರು ಸಿಂಪಡಿಸಿದ ಬೆಳೆಯನ್ನು ಮಿಡತೆ ಮುಟ್ಟದಿರುವುದನ್ನು ತೋರಿಸಿದರು. ‘ಮೇವು ಬಿಟ್ಟವು’ ಎಂದಿರಲ್ಲ, ಅದು ಈ ಹಂತ.

ಎರಡನೆಯದು ಹಾರ್ಮೋನಿನಲ್ಲಿ. ಹುಳು ಜ್ವರಕ್ಕೆ ಕೂರುವುದು, ಪೊರೆ ಬಿಡುವುದು, ಏಳುವುದು, ಇದೆಲ್ಲ ಎಕ್ಡೈಸೋನ್ ಎಂಬ ಹಾರ್ಮೋನಿನ ಏರಿಳಿತದಿಂದ ನಡೆಯುತ್ತದೆ. ಅಜಾಡಿರಾಕ್ಟಿನ್ ಆ ಏರಿಳಿತವನ್ನು ಕೆಡಿಸುತ್ತದೆ. ಹುಳು ಕೂರುತ್ತದೆ, ಏಳಲಾಗುವುದಿಲ್ಲ. ನಿಮ್ಮ ಊರಿನವರು ತಿಳಿಯಬೇಕಾದ ಒಂದು ಸಂಗತಿ ಇಲ್ಲಿದೆ: ಈ ಹಾರ್ಮೋನು ಜಗತ್ತಿಗೆ ಮೊದಲು ಸಿಕ್ಕಿದ್ದೇ ರೇಷ್ಮೆ ಹುಳುವಿನಿಂದ. ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 1954ರಲ್ಲಿ ಸುಮಾರು 500 ಕೆ.ಜಿ. ರೇಷ್ಮೆ ಹುಳುವಿನ ಪ್ಯೂಪಾಗಳನ್ನು (ಗೂಡಿನೊಳಗಿನ ಕೋಶಾವಸ್ಥೆಯ ಹುಳು) ಅರೆದು 25 ಮಿಲಿಗ್ರಾಂ ಹರಳು ತೆಗೆದರು. ಅಷ್ಟು ಅತ್ಯಲ್ಪ ಪ್ರಮಾಣದಲ್ಲಿ ಕೆಲಸ ಮಾಡುವ ವಸ್ತುವನ್ನು ಕೆಡಿಸಲು ಗಾಳಿಯಲ್ಲಿ ತೇಲಿಬಂದ ಬೇವಿನ ಹನಿಯೂ ಸಾಕಾಗಬಹುದು.

ಶ್ರೀನಿವಾಸಪುರದವರ ಕಷಾಯದ ವಿಧಾನ ಸರಿಯಾಗಿದೆ. ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಒಡೆದುಹೋಗುವುದರಿಂದ ಸಂಜೆ ಸಿಂಪಡಿಸಿ. ರೇಷ್ಮೆ ತೋಟ ಪಕ್ಕದಲ್ಲಿದ್ದರೆ ಮೊದಲು ಅವರಿಗೆ ಹೇಳಿ, ಗಾಳಿಯ ದಿಕ್ಕು ನೋಡಿ.

ಶ್ರೀನಿವಾಸಪುರ ಮಾವು

ಒಳ್ಳೆಯದಾಯಿತು ಅಕ್ಕ, ಓದುವವರು ಹಿಪ್ಪುನೇರಳೆಗೆ ಹೊಡೆಯಬಾರದು ಎಂದು ತಿಳಿಯಲಿ. ನಮ್ಮ ಕಡೆಯೂ ಮಾವಿನ ಪಕ್ಕದಲ್ಲೇ ಹಿಪ್ಪುನೇರಳೆ ಇರುವವರು ಬಹಳ. ಇನ್ನು ಮುಂದೆ ಸಿಂಪಡಿಸುವ ದಿನ ಪಕ್ಕದ ಮನೆಗೆ ಫೋನು ಮಾಡಿಯೇ ಯಂತ್ರ ಹೊರಗೆ ತೆಗೆಯುತ್ತೇನೆ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ ಜಿಲ್ಲೆ)

ಇಷ್ಟು ಹೊತ್ತು ಯಾರೂ ನೀಲಗಿರಿಯ ಹೆಸರೆತ್ತಲಿಲ್ಲ. ಎಣ್ಣೆ ತುಂಬಿದ ಎಲೆ ಎಂದರೆ ಅದೇ ಅಲ್ಲವೇ? ಟಿಪ್ಪು ಸುಲ್ತಾನ್ 1790ರ ಸುಮಾರಿಗೆ ನಂದಿಬೆಟ್ಟದ ತೋಟದಲ್ಲಿ ನೆಡಿಸಿದ್ದು ಭಾರತದ ಮೊದಲ ನೀಲಗಿರಿ ಎಂದು ಹೇಳುತ್ತಾರೆ. ಆಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಹೊಲ ಗೋಮಾಳಗಳನ್ನೆಲ್ಲ ಅದೇ ತುಂಬಿತು. ದನ ಮುಟ್ಟುವುದಿಲ್ಲ, ಹುಳ ಮುಟ್ಟುವುದಿಲ್ಲ ಎಂಬುದೇ ಅದನ್ನು ಹಾಕಲು ಕೊಟ್ಟ ಕಾರಣ. ಎರಡು ಶತಮಾನ ಆ ಮಾತು ನಡೆಯಿತು. 2000ದ ನಂತರ ಲೆಪ್ಟೊಸೈಬ್ ಎಂಬ ಕಣಜ ಬಂದು ಎಳೆ ಎಲೆಯ ನಡುನರ, ತೊಟ್ಟು, ದಂಟುಗಳಲ್ಲೆಲ್ಲ ಗಂಟು ಎಬ್ಬಿಸಿತು. ನರ್ಸರಿಯ ಸಸಿಗಳು ಗಂಟಿನ ಭಾರಕ್ಕೆ ಬಗ್ಗಿ ಮುರುಟಿಕೊಂಡದ್ದನ್ನು ನಾನೇ ನೋಡಿದ್ದೇನೆ. ಮಿಲಿಮೀಟರ್ ಲೆಕ್ಕದ ಕಣಜ, ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ಆ ಎಣ್ಣೆ ಅದನ್ನು ಏಕೆ ತಡೆಯಲಿಲ್ಲ?

2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅದು ಅಂತರ್ಜಲದ ಕಾರಣಕ್ಕೆ, ಅದರ ಬಗ್ಗೆ ನನ್ನ ತಕರಾರಿಲ್ಲ, ಸ್ವಾಗತವೇ ಇದೆ. ನನ್ನ ಪ್ರಶ್ನೆ ಎಣ್ಣೆಯದ್ದು ಮಾತ್ರ.

ಸಸ್ಯಶಾಸ್ತ್ರದ ಮೇಷ್ಟ್ರು (ತುಮಕೂರು)

ಆ ಕಣಜ ಆಸ್ಟ್ರೇಲಿಯಾದ್ದು, ಮರವೂ ಆಸ್ಟ್ರೇಲಿಯಾದ್ದು. ಮರ ಇಲ್ಲಿಗೆ ಬಂದಾಗ ಅದರ ಹಳೆಯ ಶತ್ರುಗಳು ಅಲ್ಲೇ ಉಳಿದವು. ನಮ್ಮ ಹುಳಗಳಿಗೆ ಸಿನಿಯೋಲ್ (ನೀಲಗಿರಿ ಎಣ್ಣೆಯ ಮುಖ್ಯ ಸಂಯುಕ್ತ) ತುಂಬಿದ ಎಲೆ ಹೊಸದು, ಅವು ಬಾಯಿ ಹಾಕಲಿಲ್ಲ. ನಾವು ಅದನ್ನು ಮರದ ಶಕ್ತಿ ಎಂದುಕೊಂಡೆವು. ಅರ್ಧ ಶಕ್ತಿ, ಇನ್ನರ್ಧ ಶತ್ರುವಿನ ಗೈರುಹಾಜರಿ. ಎಣ್ಣೆಯ ಜೊತೆಗೇ ಬೆಳೆದ ಕಣಜ ಬಂದಾಗ ಗುಟ್ಟು ರಟ್ಟಾಯಿತು. ಅದೂ ಗಂಟಿನೊಳಗೆ ಬೆಳೆಯುವ ಕೀಟ. ಮರದಿಂದಲೇ ತನಗೆ ಬೇಕಾದ ಮೆದು ಅಂಗಾಂಶವನ್ನು ಕಟ್ಟಿಸಿಕೊಂಡು, ಅದರ ನಡುವೆ ಕುಳಿತು ತಿನ್ನುತ್ತದೆ. ಆಮೇಲೆ ಆ ಕಣಜದ ಮೇಲೇ ಬೆಳೆಯುವ ಕ್ವಾಡ್ರಾಸ್ಟಿಕಸ್ ಎಂಬ ಇನ್ನೊಂದು ಕಣಜವನ್ನು ತಂದು ಬಿಡಲಾಯಿತು.

ಆದರೆ ಎಣ್ಣೆಗೆ ಬೆಲೆಯೇ ಇಲ್ಲ ಎನ್ನುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಒಂದು ನೀಲಗಿರಿ ಮರವನ್ನು ದುಂಬಿಗಳು ಪೂರ್ತಿ ಬೋಳಿಸಿದಾಗ ಅದರ ಒಂದು ಭಾಗದ ಕೊಂಬೆ ಮಾತ್ರ ತುಂಬು ಹಸಿರಾಗಿ ಉಳಿದಿತ್ತು. ಮರ ಒಂದೇ, ಬೇರು ಒಂದೇ, ನೀರು ಮಣ್ಣು ಒಂದೇ. 1990ರಲ್ಲಿ ಇದರ ವಿವರ ಪ್ರಕಟವಾಯಿತು. ಉಳಿದ ಕೊಂಬೆಯ ಎಲೆಯೆಣ್ಣೆಯ ಮಿಶ್ರಣವೇ ಬೇರೆ, ಅದರಲ್ಲಿ ಸಿನಿಯೋಲ್ ಬಹಳ ಹೆಚ್ಚು. ಮರ ಬೆಳೆಯುವಾಗ ಯಾವುದೋ ಮೊಗ್ಗಿನಲ್ಲಿ ಆದ ಬದಲಾವಣೆ ಇಡೀ ಕೊಂಬೆಗೆ ಇಳಿದು ಬಂದಿತ್ತು. ಎಣ್ಣೆ ಕೆಲವು ಹುಳಗಳನ್ನು ಖಂಡಿತ ತಡೆಯುತ್ತದೆ, ಎಲ್ಲವನ್ನೂ ಅಲ್ಲ.

ಗುಬ್ಬಿ ತೋಟ

ಎಲ್ಲರಿಗೂ ತುಂಬು ಧನ್ಯವಾದ. ಬೆಳಗ್ಗೆ ಬೆಳಕು ಹರಿಯುವಾಗ ಹೋಗಿ ನೋಡಿದೆ. ಮೇಷ್ಟ್ರು ಹೇಳಿದ ಮುಳ್ಳು ಬೆನ್ನಿನ ಮೇಲೆ ಸ್ಪಷ್ಟವಾಗಿ ಕಂಡಿತು. ಕಂದು ಮೈ, ಮುಟ್ಟುವ ಮೊದಲೇ ಚಿಗುರಿನ ಆಚೆ ಬದಿಗೆ ಸರಿದು ಅಡಗುತ್ತದೆ. ಊರಿನವರಿಗೂ ತೋರಿಸಿದೆ, ವಿಷದ ಮಾತು ನಿಂತಿತು. ಈಗ ಇಷ್ಟು ಎತ್ತರದ ಮರಗಳಿಗೆ ಏನು ಮಾಡಲಿ? ಮತ್ತು ಮಹಾಗನಿಯ ಪ್ರಶ್ನೆ ಹಾಗೇ ಉಳಿದಿದೆ.

ಸಸ್ಯಶಾಸ್ತ್ರದ ಮೇಷ್ಟ್ರು (ತುಮಕೂರು)

ದೊಡ್ಡ ಬೇವಿನ ಮರಕ್ಕೆ ಏನೂ ಸಿಂಪಡಿಸಬೇಡಿ. ಅಷ್ಟು ಎತ್ತರಕ್ಕೆ ಔಷಧಿ ಹಾರಿಸಿದರೆ ಜೇಡ, ಜೇನು, ಪರೋಪಜೀವಿ ಕಣಜಗಳೆಲ್ಲ ಸಾಯುತ್ತವೆ. ಕೈಗೆಟುಕುವ ಒಣ ತುದಿಗಳನ್ನು ಹಸಿರು ಭಾಗದವರೆಗೆ ಕತ್ತರಿಸಿ ಸುಟ್ಟುಬಿಡಿ, ಶಿಲೀಂಧ್ರವಿದ್ದರೆ ಅದೂ ಕಡಿಮೆಯಾಗುತ್ತದೆ. ಬಲವಾದ ಮರ ಸಾಮಾನ್ಯವಾಗಿ ಬೇಸಿಗೆಯ ಮೊದಲ ಚಿಗುರಿನಲ್ಲಿ ಚೇತರಿಸಿಕೊಳ್ಳುತ್ತದೆ. ಸಣ್ಣ ಸಸಿಗಳಿಗೆ ಮಾತ್ರ ಕಾಳಜಿ ಬೇಕು.

ಮಹಾಗನಿ ಬೇವಿನ ಕುಟುಂಬದ್ದು ಎಂಬುದು ನಿಜ, ಅದರಲ್ಲೂ ಲಿಮೋನಾಯ್ಡ್‌ಗಳಿವೆ. ಆದರೆ ಹುಳ ಸುಳಿಯುವುದಿಲ್ಲ ಎಂಬುದು ಸುಳ್ಳು. ಹಿಪ್ಸಿಪೈಲಾ ಎಂಬ ಪತಂಗದ ಮರಿ ಈ ಕುಟುಂಬದ ಮರಗಳನ್ನೇ ಹುಡುಕಿಕೊಂಡು ಬರುತ್ತದೆ. ತುದಿ ಚಿಗುರಿನೊಳಗೆ ಕೊರೆದು ಹೋಗುತ್ತದೆ, ತುದಿ ಸಾಯುತ್ತದೆ, ಪಕ್ಕದಿಂದ ನಾಲ್ಕೈದು ಕವಲು ಏಳುತ್ತವೆ. ಮರ ಸಾಯುವುದಿಲ್ಲ, ನೇರವಾದ ಕಾಂಡ ಹೋಗುತ್ತದೆ; ನಾಟಾ ಮಾರಲೆಂದು ನೆಟ್ಟವರಿಗೆ ಅದೇ ನಷ್ಟ.

ಇದರಲ್ಲೂ ಒಂದು ವಿಶೇಷವಿದೆ. ಅಮೆರಿಕ ಖಂಡದ ಹಿಪ್ಸಿಪೈಲಾ ಅಲ್ಲಿಯ ಸೆಡ್ರೆಲಾ ಮರವನ್ನು ಕೊರೆಯುತ್ತದೆ, ಆದರೆ ನಮ್ಮ ಕಡೆಯ ತೂನಾ ಮರವನ್ನು ಅಲ್ಲಿ ನೆಟ್ಟಾಗ ಅದಕ್ಕೆ ದಕ್ಕಲಿಲ್ಲ. ನಮ್ಮ ಕಡೆಯ ಹಿಪ್ಸಿಪೈಲಾಕ್ಕೆ ತೂನಾ ಎಂದರೆ ಪ್ರಾಣ. ಕೋಸ್ಟರಿಕಾದಲ್ಲಿ ತೂನಾ ಬೇರಿನ ಮೇಲೆ ಸೆಡ್ರೆಲಾ ಕಸಿ ಕಟ್ಟಿದಾಗ ಮೇಲಿನ ಸೆಡ್ರೆಲಾ ಚಿಗುರಿಗೂ ತಡೆಯುವ ಗುಣ ಬಂತು. ರಕ್ಷಕ ಸಂಯುಕ್ತ ಬೇರಿನ ಕಡೆಯಿಂದ ಮೇಲೇರಿತ್ತು. ದುರದೃಷ್ಟವೆಂದರೆ ಮಹಾಗನಿಯನ್ನು ಎರಡೂ ಖಂಡಗಳ ಹಿಪ್ಸಿಪೈಲಾ ತಿನ್ನುತ್ತವೆ.

ಗುಬ್ಬಿ ತೋಟ

ಹಾಗಾದರೆ ಬಿಡುವುದೇ ಒಳ್ಳೆಯದೇ? ಹೆಬ್ಬೇವು, ಹೊಂಗೆ, ಹಲಸು ಸೇರಿಸಿ ಹಾಕಿದರೆ ಹೇಗೆ?

ಸಸ್ಯಶಾಸ್ತ್ರದ ಮೇಷ್ಟ್ರು (ತುಮಕೂರು)

ಮಹಾಗನಿ ಹಾಕಲೇಬೇಕೆಂದರೆ ಒಂದೇ ಕಡೆ ಒತ್ತಾಗಿ ಹಾಕಬೇಡಿ. ಹಲಸು, ಹೊಂಗೆಗಳ ನಡುವೆ ಚದುರಿಸಿ ನೆಡಿ, ಪಕ್ಕದ ಮರಗಳ ಅರೆನೆರಳು ಇರಲಿ. ಮೊದಲ ವರ್ಷಗಳಲ್ಲಿ ಪ್ರತಿ ಮಳೆಯ ಚಿಗುರಿನ ಹೊತ್ತಿಗೆ ತುದಿಯನ್ನು ನೋಡಿ. ಹಿಕ್ಕೆ, ಗೋಂದು ಕಂಡರೆ ಹುಳವಿರುವ ಭಾಗದ ಕೆಳಗೆ ಕತ್ತರಿಸಿ ಸುಟ್ಟು, ಹೊಸ ಕವಲುಗಳಲ್ಲಿ ಒಂದನ್ನು ಮಾತ್ರ ಬಿಡಿ. ಹೊಂಗೆಯ ಎಲೆಯಲ್ಲಿ ನುಸಿಯಿಂದ ಏಳುವ ಗಂಟುಗಳನ್ನು ಕಂಡು ಗಾಬರಿಯಾಗಬೇಡಿ, ಮರಕ್ಕೆ ಅದರಿಂದ ದೊಡ್ಡ ಹಾನಿಯಿಲ್ಲ. ಹಲಸಿಗೆ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೆ ಹೋಗಿ ಬನ್ನಿ. ನಿಮ್ಮ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸಿನ ಕಸಿ ಸಸಿಗಳ ಬಗ್ಗೆ ಅಲ್ಲಿ ಕೇಳಿ. ಹೊರಡುವ ಮುನ್ನ ಸಸಿ ಲಭ್ಯವಿದೆಯೇ ಎಂದು ವಿಚಾರಿಸಿಕೊಳ್ಳಿ.

ಶಿಡ್ಲಘಟ್ಟ ರೇಷ್ಮೆ

ಗುಬ್ಬಿಯ ಅಣ್ಣ, ಬೇವಿನ ಮರ ಚೇತರಿಸಿಕೊಂಡು ಹಣ್ಣು ಬಿಟ್ಟಾಗ ಬೀಜವನ್ನು ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳಿ. ತರಕಾರಿಗೆ ಬೇಕಾಗುತ್ತದೆ. ಸುತ್ತಮುತ್ತ ರೇಷ್ಮೆ ಸಾಕುವವರು ಇದ್ದರೆ ಮಾತ್ರ ಒಂದು ಮಾತು ಹೇಳಿ ಹೊಡೆಯಿರಿ.